ಅತ್ತೆ ಮಾವನ ಜೊತೆ ಜರ್ಮನಿಯ ಕೋಟೆ, ಅರಮನೆಗಳು: ಹೋಗಿಬಂದವರು ಅನುಭವ ಹೇಳಿ

ಹುಬ್ಬಳ್ಳಿಯಿಂದ: ಸೆಪ್ಟೆಂಬರಿನಲ್ಲಿ ಒಂಬತ್ತು ದಿನ ಜರ್ಮನಿಗೆ ಹೊರಟಿದ್ದೇವೆ. ಅತ್ತೆ, ಮಾವ, ಎಂಟು ವರ್ಷದ ಮಗಳು ಜೊತೆಗಿದ್ದಾರೆ. ಅತ್ತೆಯವರಿಗೆ ಮಂಡಿನೋವು. ನೊಯ್‌ಶ್ವಾನ್‌ಸ್ಟೈನ್ ಅರಮನೆಯನ್ನು ಬಿಡಲೇಬಾರದು ಎಂದು ಎಲ್ಲರೂ ಹೇಳುತ್ತಾರೆ. ಬರ್ಲಿನ್ನಿನ ವಸ್ತುಸಂಗ್ರಹಾಲಯಗಳಿಗೂ ಎರಡು ದಿನ ಇಟ್ಟಿದ್ದೇನೆ. ಸರಿಯಾದೀತೇ?

ಮೈಸೂರಿನಿಂದ: ಎರಡು ವರ್ಷ ಕಳೆದರೂ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಪ್ರವೇಶದ ಸಮಯ 12.35. ಮ್ಯೂನಿಕ್‌ನಿಂದ ಫ್ಯೂಸೆನ್‌ಗೆ ರೈಲಿನಲ್ಲಿ ಎರಡು ಗಂಟೆ, ಅಲ್ಲಿಂದ ಬಸ್ಸು, ಆಮೇಲೆ ಗುಡ್ಡ. ಬೇಗ ಹೊರಡೋಣವೆಂದು ಒಂಬತ್ತಕ್ಕೆ ಮೊದಲೇ ರೈಲು ಹತ್ತಿದೆವು. ಕೈಯಲ್ಲಿದ್ದದ್ದು ಬವೇರಿಯಾದ ಒಂದು ದಿನದ ಗುಂಪು ಟಿಕೆಟು. ವಾರದ ದಿನಗಳಲ್ಲಿ ಅದು ಬೆಳಿಗ್ಗೆ ಒಂಬತ್ತರಿಂದ ಮಾತ್ರ ನಡೆಯುತ್ತದೆ. ತಪಾಸಕರು ಬಂದಾಗ ಗಡಿಯಾರದಲ್ಲಿ 8.56. ಮೂವರು ದೊಡ್ಡವರಿಗೆ ತಲೆಗೆ 60 ಯೂರೋ, ಒಟ್ಟು 180. ನಾಲ್ಕು ನಿಮಿಷಕ್ಕೆ ಹದಿನಾರು ಸಾವಿರ ರೂಪಾಯಿ ದಂಡ! ಅಷ್ಟಕ್ಕೇ ಮುಗಿಯಲಿಲ್ಲ. ಕುದುರೆಗಾಡಿಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಗಾಡಿ ಇಳಿಸಿದ್ದು ಅರಮನೆಯ ಬಾಗಿಲಿಗಲ್ಲ, ಅಲ್ಲಿಂದ ಇನ್ನೂ ಹತ್ತು ನಿಮಿಷದ ಏರು. ಮುಟ್ಟಿದಾಗ 12.41. ಗೇಟಿನ ಯಂತ್ರ ಟಿಕೆಟನ್ನು ಒಪ್ಪಲಿಲ್ಲ. ಆ ದಿನದ ಟಿಕೆಟುಗಳೆಲ್ಲ ಮುಗಿದಿದ್ದವು. ಸೇತುವೆಯ ಮೇಲೆ ನಿಂತು ಹೊರಗಿನಿಂದ ನೋಡಿಕೊಂಡು ಹಿಂತಿರುಗಿದೆವು.

ಫ್ರಾಂಕ್‌ಫರ್ಟಿನಿಂದ: ಒಳಗೆ ಹೋಗಿದ್ದರೂ ಅರ್ಧ ಗಂಟೆಯಲ್ಲಿ ಹೊರಗೆ ಕಳುಹಿಸುತ್ತಿದ್ದರು, ಫೋಟೋ ತೆಗೆಯಲೂ ಬಿಡುತ್ತಿರಲಿಲ್ಲ. ಅಸಲಿಗೆ ಅದು ಕೋಟೆಯೇ ಅಲ್ಲ. ಬವೇರಿಯಾದ ಅರಸ ಎರಡನೆಯ ಲುಡ್ವಿಗ್ 1869ರಲ್ಲಿ ಕಟ್ಟಿಸಲು ತೊಡಗಿದ, 1886ರಲ್ಲಿ ಅವನು ಸತ್ತಾಗಲೂ ಮುಗಿದಿರಲಿಲ್ಲ. ಸತ್ತ ಏಳೇ ವಾರಕ್ಕೆ ಜನರಿಗೆ ತೆರೆದರು. ಕೋಟೆ ನೋಡಬೇಕೆಂದರೆ ಎಲ್ಟ್ಸ್‌ಗೆ ಹೋಗಿ. ಎಂಟುನೂರೈವತ್ತು ವರ್ಷಗಳಿಂದ ಒಂದೇ ಮನೆತನದ ಕೈಯಲ್ಲಿದೆ, ಯಾವ ಯುದ್ಧದಲ್ಲೂ ಹಾಳಾಗಲಿಲ್ಲ. ಮೊದಲ ಸಲ ನಾನು ನವೆಂಬರಿನಲ್ಲಿ ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದೆ, ಚಳಿಗಾಲದಲ್ಲಿ ಅದು ತೆರೆಯುವುದಿಲ್ಲ. ಮುಂದಿನ ಮೇ ತಿಂಗಳಲ್ಲಿ ಮೋಸೆಲ್‌ಕೆರ್ನ್ ನಿಲ್ದಾಣದಿಂದ ಹೊಳೆಯ ದಂಡೆ ಹಿಡಿದು ಒಂದೂವರೆ ಗಂಟೆ ನಡೆದೆ. ದರ್ಬಾರಿನ ಕೋಣೆಯ ಗೋಡೆಯಲ್ಲಿ ವಿದೂಷಕರ ಮುಖಗಳಿವೆ: ಇಲ್ಲಿ ಮನಸ್ಸಿಗೆ ಬಂದದ್ದನ್ನು ಹೇಳಬಹುದು ಎಂದು ಅರ್ಥ. ಬಾಗಿಲ ಮೇಲೊಂದು ಗುಲಾಬಿ: ಹೇಳಿದ್ದು ಹೊರಗೆ ಹೋಗಕೂಡದು. ಆ ಗುಲಾಬಿಯ ಕೆಳಗೆ ನಿಂತಾಗ ಮೈ ಜುಮ್ಮೆಂದಿತು.

ಮ್ಯೂನಿಕ್‌ನಿಂದ: ಫ್ರಾಂಕ್‌ಫರ್ಟಿನವರೇ, ಮಂಡಿನೋವಿನವರನ್ನು ಒಂದೂವರೆ ಗಂಟೆ ಕಾಡಿನಲ್ಲಿ ನಡೆಸುತ್ತೀರಾ? ಹಳೆಯದಲ್ಲ ಎಂಬ ಒಂದೇ ಕಾರಣಕ್ಕೆ ಹೀಗಳೆಯುವುದಾದರೆ ನಮ್ಮ ಮೈಸೂರು ಅರಮನೆ ಕಟ್ಟಿ ಮುಗಿದದ್ದು 1912ರಲ್ಲಿ. ಅದನ್ನೂ ಅರಮನೆಯಲ್ಲ ಎನ್ನಿ, ನೋಡೋಣ. ಲುಡ್ವಿಗ್‌ನ ಅರಮನೆಗಳನ್ನು 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಾನು ಅಮ್ಮನನ್ನು ಕರೆದೊಯ್ದದ್ದು ಅವನದೇ ಹೆರೆನ್‌ಕೀಮ್‌ಸೇಗೆ. ಪ್ರೀನ್‌ನಿಂದ ದೋಣಿಯಲ್ಲಿ ದ್ವೀಪಕ್ಕೆ ಹೋಗಬೇಕು. ಕನ್ನಡಿಗಳ ಸಭಾಂಗಣ ಫ್ರಾನ್ಸಿನ ವರ್ಸೇ ಅರಮನೆಯದ್ದಕ್ಕಿಂತಲೂ ಉದ್ದವಾಗಿದೆ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಕೊನೆಯ ಮೆಟ್ಟಿಲಸಾಲು. ಚಿನ್ನದ ಲೇಪದ ಕೋಣೆಗಳನ್ನು ದಾಟಿ ಬಂದರೆ ಥಟ್ಟನೆ ಬೋಳು ಇಟ್ಟಿಗೆ, ಗಾರೆಯೂ ಇಲ್ಲ. ಕೆಲಸ ಅಲ್ಲಿಗೇ ನಿಂತುಹೋಯಿತು. ಅಮ್ಮ ಆ ಇಟ್ಟಿಗೆಯ ಗೋಡೆಯನ್ನು ನೋಡುತ್ತಾ "ಪಾಪ, ಮನೆ ಮುಗಿಯಲಿಲ್ಲ" ಎಂದರು. ನಮ್ಮ ಮನೆಯೂ ಅಪ್ಪ ತೀರಿಕೊಂಡಾಗ ಅರ್ಧಕ್ಕೇ ನಿಂತಿತ್ತು.

ಫ್ರಾಂಕ್‌ಫರ್ಟಿನಿಂದ: ಮೈಸೂರು ಅರಮನೆಯನ್ನು ಎಳೆದು ತರಬೇಡಿ. ಅಲ್ಲಿ ಅರಸರು ಬಾಳಿದರು, ದಸರೆ ನಡೆಯಿತು, ಇಂದಿಗೂ ನಡೆಯುತ್ತದೆ. ಲುಡ್ವಿಗ್ ತನ್ನೊಬ್ಬನ ಕನಸಿಗಾಗಿ ಸಾಲದ ಮೇಲೆ ಸಾಲ ಮಾಡಿದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಪ್ಪಿಗೆಯಿಲ್ಲ. ಎಲ್ಟ್ಸ್‌ಗೆ ಹತ್ತಿರದವರೆಗೆ ಕಾರಿನಲ್ಲೂ ಹೋಗಬಹುದು.

ಡ್ರೆಸ್ಡೆನ್‌ನಿಂದ: ಮೇಡಂ, ಬರ್ಲಿನ್ನಿಗೆ ಪೆರ್ಗಮಾನ್ ಸಂಗ್ರಹಾಲಯಕ್ಕಾಗಿ ಹೋಗುವುದಾದರೆ ನನ್ನಂತೆ ಮೋಸಹೋಗಬೇಡಿ. ಅಕ್ಟೋಬರ್ 2023ರಲ್ಲಿ ಅದು ಪೂರ್ತಿ ಮುಚ್ಚಿತು. ನಾನು ನವೆಂಬರಿನಲ್ಲಿ, ಹಿಂತಿರುಗಿಸಲಾಗದ ಹೋಟೆಲು ಕಾಯ್ದಿರಿಸಿಕೊಂಡು, ಬ್ಯಾಬಿಲೋನಿನ ಇಶ್ತಾರ್ ಬಾಗಿಲು ನೋಡಲೆಂದೇ ಹೋದವನು. ಆ ಭಾಗ 2037ಕ್ಕೆ ತೆರೆಯಬಹುದಂತೆ, ಅಷ್ಟರಲ್ಲಿ ನನ್ನ ಮಗ ಕಾಲೇಜು ಮುಗಿಸಿರುತ್ತಾನೆ. ಆ ಬೇಸರದಲ್ಲೇ ಇಲ್ಲಿಯ ಹಸಿರು ನೆಲಮಾಳಿಗೆ ಎಂಬ ಖಜಾನೆಗೆ ಹೋದೆ. ಅಲ್ಲೂ ಎಡವಿದೆ. ಕೆಳಗಿನ ಹಳೆಯ ಖಜಾನೆಗೆ ಸಮಯ ನಿಗದಿಯಾದ ಬೇರೆ ಟಿಕೆಟು, 2019ರಲ್ಲಿ ಕಳವು ನಡೆದದ್ದು ಅಲ್ಲೇ. ನಾನು ಅದನ್ನು ಕೊಂಡೆ. ನನಗೆ ಬೇಕಾಗಿದ್ದದ್ದು ಮೇಲಿನ ಹೊಸ ಖಜಾನೆಯಲ್ಲಿತ್ತು, ಮತ್ತೆ ದುಡ್ಡು ತೆತ್ತೆ. ಡಿಂಗ್ಲಿಂಗರ್ ಎಂಬ ಅಕ್ಕಸಾಲಿಗ 1701ರಿಂದ 1708ರವರೆಗೆ ಮಾಡಿದ ಔರಂಗಜೇಬನ ಹುಟ್ಟುಹಬ್ಬದ ದರ್ಬಾರು ಅದು. ಸುಮಾರು ಐದು ಸಾವಿರ ವಜ್ರಗಳು. ಬೆರಳುದ್ದದ ಆಳುಗಳು, ಕಾಣಿಕೆ ಹೊತ್ತವರು, ಆನೆ, ಪಲ್ಲಕ್ಕಿ. ಭಾರತಕ್ಕೆ ಕಾಲಿಡದವನು ಇದನ್ನು ಮಾಡಿದ. ಗಾಜಿಗೆ ಮೂಗು ತಾಗಿಸಿ ಒಂದು ಗಂಟೆ ನಿಂತಿದ್ದೆ.

ವಿಜಯಪುರದಿಂದ: ಔರಂಗಜೇಬನ ಹುಟ್ಟುಹಬ್ಬ ನೋಡಲು ಕನ್ನಡಿಗರು ಡ್ರೆಸ್ಡೆನ್ನಿಗೆ ಹೋಗಬೇಕೇ? 1686ರಲ್ಲಿ ನಮ್ಮ ಊರಿಗೆ ಮುತ್ತಿಗೆ ಹಾಕಿ ಆದಿಲಶಾಹಿಯನ್ನು ಮುಗಿಸಿದವನು ಅವನು. ಆ ಅಕ್ಕಸಾಲಿಗ ದೆಹಲಿಯ ದರ್ಬಾರು ಕೆತ್ತುತ್ತಿದ್ದ ವರ್ಷಗಳಲ್ಲಿ ಔರಂಗಜೇಬ ದೆಹಲಿಯಲ್ಲಿ ಇರಲೇ ಇಲ್ಲ. ದಖ್ಖನ್ನಿನಲ್ಲಿ ಡೇರೆಯಿಂದ ಡೇರೆಗೆ ಅಲೆದು 1707ರಲ್ಲಿ ಅಲ್ಲೇ ಸತ್ತ.

ಡ್ರೆಸ್ಡೆನ್‌ನಿಂದ: ನಾನು ಅವನನ್ನು ಹೊಗಳಿದೆನೇ? ಅಕ್ಕಸಾಲಿಗನ ಕೈಚಳಕಕ್ಕೆ ಕೈಮುಗಿದೆ. ನನ್ನ ಅಜ್ಜ ಬಾಗಲಕೋಟೆಯವರು, ನನಗೂ ಆ ಚರಿತ್ರೆ ಗೊತ್ತಿದೆ.

ವಿಜಯಪುರದಿಂದ: ಗೊತ್ತಿದ್ದರೆ ಬರೆಯುವಾಗಲೇ ಒಂದು ಸಾಲು ಸೇರಿಸಬೇಕಿತ್ತು.

ಹುಬ್ಬಳ್ಳಿಯಿಂದ: ಎಲ್ಲರಿಗೂ ಧನ್ಯವಾದ. ಪೆರ್ಗಮಾನ್ ಮುಚ್ಚಿರುವುದು ನನಗೆ ತಿಳಿದೇ ಇರಲಿಲ್ಲ. ನೊಯ್‌ಶ್ವಾನ್‌ಸ್ಟೈನ್ ಒಳಗೆ ಮೆಟ್ಟಿಲು ಎಷ್ಟು, ಯಾರಾದರೂ ಎಣಿಸಿದ್ದೀರಾ?

ಮ್ಯೂನಿಕ್‌ನಿಂದ: ಹತ್ತುವುದು ಇಳಿಯುವುದು ಸೇರಿ ಮುನ್ನೂರಕ್ಕೂ ಹೆಚ್ಚು. ಗುಡ್ಡದ ಬಸ್ಸು ಸೇತುವೆಯ ಬಳಿ ಇಳಿಸುತ್ತದೆ, ಅಲ್ಲಿಂದ ಅರಮನೆಗೆ ಕಡಿದಾದ ಇಳಿಜಾರು. ಮಂಡಿಗೆ ಏರಿಗಿಂತ ಇಳಿಜಾರೇ ಕಷ್ಟ.

ಮೈಸೂರಿನಿಂದ: ಮತ್ತೆ ಹೇಳುತ್ತೇನೆ, ಆ ಗುಂಪು ಟಿಕೆಟು ಹಿಡಿದು ಒಂಬತ್ತರ ಮೊದಲು ರೈಲು ಹತ್ತಬೇಡಿ.