ಪದಚರ್ಚೆ: ಕೊರಗೇಟೆಡ್ ಪೆಟ್ಟಿಗೆಗೆ ‘ಸುಕ್ಕು’ ಸರಿಯೇ, ‘ನಿರಿಗೆ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ನಾನು ಹಾಸನದ ಹೊರವಲಯದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಸಣ್ಣ ಘಟಕದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ಎರಡು ಥರದ ಜನ ಬರುತ್ತಾರೆ. ಕಾರ್ಖಾನೆಯವರು ಬೇಕಾದ್ದನ್ನು ಬರೆದುಕೊಂಡೇ ಬರುತ್ತಾರೆ. ಎಷ್ಟು ಪ್ಲೈ (ಪದರ), ಯಾವ ಫ್ಲೂಟ್ (ಒಳಗಿನ ಮಡಿಕೆಯ ಜಾತಿ), ಎಷ್ಟು ಜಿಎಸ್‌ಎಂ (ಕಾಗದದ ತೂಕ), ಎಲ್ಲ ಅದರಲ್ಲಿರುತ್ತದೆ. ಬೆಳೆಗಾರರು ಒಂದು ಹಳೇ ಪೆಟ್ಟಿಗೆ ಹಿಡಿದು ಬಂದು, “ಇದಕ್ಕಿಂತ ಗಟ್ಟಿ ಇರೋದು ಕೊಡಿ” ಅನ್ನುತ್ತಾರೆ. ಇವರಿಗಾಗಿ ಕನ್ನಡದಲ್ಲಿ ಒಂದು ಪುಟ ಬರೆಯೋಣ ಅಂತ ಕೂತೆ. ಮೊದಲ ಸಾಲಿನಲ್ಲೇ ನಿಂತೆ.

ಸಪಾಟು ಹಾಳೆಗಳ ನಡುವೆ ಅಲೆಅಲೆಯಾಗಿ ಮಡಿಸಿದ ಕಾಗದ ಇರುವ ರಟ್ಟಿನ ಪೆಟ್ಟಿಗೆಯೇ ಕೊರಗೇಟೆಡ್ ಪೆಟ್ಟಿಗೆ. ಇದಕ್ಕೆ ಈಗ ಎಲ್ಲೆಲ್ಲೂ ‘ಸುಕ್ಕುಗಟ್ಟಿದ ಪೆಟ್ಟಿಗೆ’ ಅಂತ ಕಾಣುತ್ತಿದೆ. ಮೂಲ ನೋಡಿದರೆ ಅದು ತಪ್ಪಲ್ಲ. ಲ್ಯಾಟಿನ್ನಿನಲ್ಲಿ ‘ರೂಗ’ ಅಂದರೆ ಸುಕ್ಕು. ಕೊರಗೇಟ್ ಹುಟ್ಟಿದ್ದು ಅಲ್ಲಿಂದಲೇ. ಆದರೆ ಕನ್ನಡದಲ್ಲಿ ಸುಕ್ಕು ಅಂದರೆ ಏನು ನೆನಪಾಗುತ್ತದೆ? ಸುಕ್ಕಾದ ಅಂಗಿಗೆ ಇಸ್ತ್ರಿ ಹಾಕುತ್ತೇವೆ. ಚರ್ಮ ಸುಕ್ಕಾದರೆ ವಯಸ್ಸಾಯಿತು ಅನ್ನುತ್ತೇವೆ. ಸುಕ್ಕು ತಾನಾಗಿ ಬರುವುದು, ಬೇಡದೆ ಬರುವುದು. ನಮ್ಮಲ್ಲಿಗೆ ಬಂದ ರೈತರೊಬ್ಬರಿಗೆ ನನ್ನ ಕರಡು ಓದಿ ಹೇಳಿದೆ. “ಸುಕ್ಕಾಗಿರೋ ಪೆಟ್ಟಿಗೆ ಯಾಕಮ್ಮ? ಹೊಸದೇ ಕೊಡಿ” ಅಂದರು. ಅವರು ಹೇಳಿದ್ದರಲ್ಲಿ ನ್ಯಾಯವಿದೆ ಅಲ್ವಾ?

ಈ ರಟ್ಟಿನ ಒಳಗಿರುವ ಮಡಿಕೆ ಬೇಕಂತಲೇ ಮಾಡಿದ್ದು. ಎಲ್ಲ ಒಂದೇ ಅಳತೆ, ಒಂದರ ಪಕ್ಕ ಒಂದು. ಪೆಟ್ಟಿಗೆಯ ಬಲ ಇರುವುದೇ ಅಲ್ಲಿ. ಹಾಗಾಗಿ ನನಗೆ ಹೊಳೆದ ಮಾತು ‘ನಿರಿಗೆ’. ಸೀರೆಯ ನಿರಿಗೆ ಹಿಡಿಯುವವರಿಗೆ ಗೊತ್ತು, ನಿರಿಗೆಗೆ ಬಟ್ಟೆ ಜಾಸ್ತಿ ಬೇಕು. ಕಾಗದಕ್ಕೂ ಅದೇ ಲೆಕ್ಕ. ಒಂದು ಮೀಟರ್ ರಟ್ಟಿಗೆ ನಡುವಿನ ಮಡಿಕೆಯ ಕಾಗದ ಸುಮಾರು 1.3ರಿಂದ 1.5 ಮೀಟರ್ ಹಿಡಿಯುತ್ತದೆ. ಮಡಿಕೆ ಎತ್ತರವಾದಷ್ಟೂ ಹೆಚ್ಚು. ಇದರ ಹುಟ್ಟು ಕೂಡ ಉಡುಪಿನ ಜೊತೆಗೇ ಇದೆ. 1856ರಲ್ಲಿ ಇಂಗ್ಲೆಂಡಿನಲ್ಲಿ ಹೀಲಿ ಮತ್ತು ಅಲೆನ್ ಅನ್ನುವವರು ಇಂಥ ಕಾಗದಕ್ಕೆ ಪೇಟೆಂಟ್ ಪಡೆದದ್ದು ಎತ್ತರದ ಟೋಪಿಗಳ ಒಳಪದರಕ್ಕೆ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನು ಬಾಟಲಿ, ಲಾಟೀನಿನ ಗಾಜಿಗೆ ಸುತ್ತುವ ಕಾಗದ ಮಾಡಿದರು. 1874ರಲ್ಲಿ ಆಲಿವರ್ ಲಾಂಗ್ ಅದಕ್ಕೆ ಸಪಾಟು ಹಾಳೆ ಅಂಟಿಸಿದರು. ಮಡಿಕೆ ಬಿಚ್ಚಿಕೊಳ್ಳುವುದು ನಿಂತಿತು.

ನಿರಿಗೆಗೂ ಒಂದು ತೊಡಕಿದೆ, ಅದನ್ನೂ ಹೇಳಬೇಕು. ‘ಹಣೆಯ ಮೇಲೆ ನಿರಿಗೆ’ ಅಂತಲೂ ಬರೆಯುತ್ತೇವೆ. ಅಲ್ಲಿ ಅದು ಸುಕ್ಕೇ. ಬರಹದಲ್ಲಿ ನಿರಿಗೆ, ನೆರಿಗೆ ಎರಡೂ ಇವೆ. ನಮ್ಮ ಮನೆಯಲ್ಲಿ ನೆರಿಗೆ ಅನ್ನುತ್ತೇವೆ. ಇನ್ನು ಕೆಲವರು ‘ಅಲೆರಟ್ಟು’ ಅನ್ನಬಹುದು. ಚಿಕ್ಕದಾಗಿದೆ, ಆಕಾರವೂ ಸರಿ. ಮಾಡಿನ ಮೇಲಿನ ತಗಡು ನೋಡಿದವರಿಗೆ ಕೂಡಲೇ ಅರ್ಥವಾಗುತ್ತದೆ. ನಮ್ಮ ಘಟಕದ ಹುಡುಗನೊಬ್ಬ ಆಲೂಗಡ್ಡೆ ಬೆಳೆಯುವ ಮನೆಯವನು. ಅವನು ರಟ್ಟಿನ ಅಂಚು ನೋಡಿ, “ಸಾಲು–ಬೋದು ಇದ್ದ ಹಾಗಿದೆ” ಅಂದ. ನನಗೆ ಅದು ತುಂಬಾ ಇಷ್ಟವಾಯಿತು. ಆದರೆ ಬೋದು ನೆಲದ ಮೇಲೆ ಮಲಗಿರುತ್ತದೆ. ಪೆಟ್ಟಿಗೆಯಲ್ಲಿ ಇದು ನಿಂತಿರಬೇಕು.

ಈ ನಿಲ್ಲುವ ವಿಷಯವೇ ಮುಖ್ಯ. ಪೆಟ್ಟಿಗೆಯ ಗೋಡೆಯಲ್ಲಿ ಮಡಿಕೆಗಳು ಮೇಲಿನಿಂದ ಕೆಳಗೆ ಓಡಬೇಕು. ಆಗ ಒಂದೊಂದೂ ಸಣ್ಣ ಕಂಬದಂತೆ ಭಾರ ಹೊರುತ್ತದೆ. ಅಡ್ಡಲಾಗಿದ್ದರೆ ಮೇಲಿನ ಭಾರಕ್ಕೆ ಮಡಚಿಕೊಳ್ಳುತ್ತದೆ. ‘ನಿರಿಗೆ ನಿಂತಿರಬೇಕು, ಮಲಗಿರಬಾರದು’ ಅಂತ ಬರೆದರೆ ಯಾರಿಗಾದರೂ ತಿಳಿಯುತ್ತದೆ. ‘ಸುಕ್ಕು ನಿಂತಿರಬೇಕು’ ಅಂತ ಬರೆಯಲು ಆಗುತ್ತದೆಯೇ?

ಪ್ಲೈ ಲೆಕ್ಕದಲ್ಲೂ ಈ ಪದ ಸಹಾಯಕ್ಕೆ ಬರುತ್ತದೆ. 3 ಪ್ಲೈ ಅಂದರೆ ಎರಡು ಸಪಾಟು ಹಾಳೆ, ನಡುವೆ ಒಂದು ಮಡಿಕೆಯ ಹಾಳೆ. 5 ಪ್ಲೈ ಅಂದರೆ ಮೂರು ಸಪಾಟು, ಎರಡು ಮಡಿಕೆ. 7 ಪ್ಲೈ ಅಂದರೆ ನಾಲ್ಕು ಸಪಾಟು, ಮೂರು ಮಡಿಕೆ. ‘ಐದು ಪದರ’ ಅಂತ ಬರೆದರೆ ಐದೂ ಮಡಿಕೆಯ ಪದರ ಅಂತ ಓದಿಕೊಳ್ಳುವವರಿದ್ದಾರೆ. ಅದರ ಬದಲು ಒಂಟಿ ನಿರಿಗೆ, ಜೋಡಿ ನಿರಿಗೆ, ಮೂರು ನಿರಿಗೆ ಅಂದರೆ ಹೇಗೆ? ಯಂತ್ರದ ಬಿಡಿಭಾಗದಂಥ ತೂಕದ ಸಾಮಾನಿಗೆ ಜೋಡಿ ಅಥವಾ ಮೂರು ನಿರಿಗೆ. ಕಾಫಿಪುಡಿಯ ಪೊಟ್ಟಣಗಳಂಥ ಹಗುರ ಮಾಲಿಗೆ ಒಂಟಿ ನಿರಿಗೆ ಸಾಕು.

ಫ್ಲೂಟ್ ಅನ್ನುವುದನ್ನು ‘ಕೊಳಲು’ ಅಂತ ಬರೆದದ್ದನ್ನೂ ನೋಡಿದ್ದೇನೆ. ಇಲ್ಲಿ ಅದು ಕಂಬದ ಮೇಲೆ ಉದ್ದಕ್ಕೂ ಕೊರೆದ ಗೀರಿನ ಅರ್ಥದ್ದು. ಎ, ಬಿ, ಸಿ, ಇ ಅಂತ ಜಾತಿಗಳಿವೆ. ಅಕ್ಷರದ ಕ್ರಮಕ್ಕೂ ಎತ್ತರಕ್ಕೂ ಸಂಬಂಧವಿಲ್ಲ. ಎ ಸುಮಾರು 4.7 ಮಿ.ಮೀ., ಸಿ ಸುಮಾರು 3.6, ಬಿ ಸುಮಾರು 2.5. ಇವನ್ನು ‘ಎ ನಿರಿಗೆ’, ‘ಬಿ ನಿರಿಗೆ’ ಅಂದರೆ ಮುಗಿಯಿತು.

ಈಗ ನನ್ನನ್ನು ಜಾಸ್ತಿ ಕಾಡುತ್ತಿರುವ ಮಾತಿಗೆ ಬರುತ್ತೇನೆ. ಅದು ‘ಗಟ್ಟಿ’.

ನಾನು ಈ ಕೆಲಸಕ್ಕೆ ಸೇರುವ ಮೊದಲಿನ ಮಾತು. ನಮ್ಮ ಭಾವನ ತೋಟ ಮೂಡಿಗೆರೆ ಕಡೆ. ಕಾಫಿಯ ನಡುವೆ ಬೆಣ್ಣೆಹಣ್ಣಿನ ಮರಗಳಿವೆ. ಒಂದು ಮಳೆಗಾಲ ಹಣ್ಣನ್ನು ಪೆಟ್ಟಿಗೆಯಲ್ಲಿ ತುಂಬಿ ಬೆಂಗಳೂರಿಗೆ ಕಳಿಸಿದೆವು. ಪೆಟ್ಟಿಗೆ ಕೊಟ್ಟವರು “ತುಂಬಾ ಗಟ್ಟಿ ಕಾಗದ” ಅಂದಿದ್ದರು. ಒಂದರ ಮೇಲೊಂದು ಆರು ಒಟ್ಟಿದ್ದೆವು. ಬೆಂಗಳೂರು ಮುಟ್ಟುವಷ್ಟರಲ್ಲಿ ತಳದ ಸಾಲು ಪೂರ್ತಿ ಕುಸಿದಿತ್ತು. ಹಣ್ಣು ಜಜ್ಜಿಹೋಗಿತ್ತು. ಅಕ್ಕ ಒಂದೊಂದೇ ಹಣ್ಣನ್ನು ಬಟ್ಟೆಯಲ್ಲಿ ಒರೆಸಿ ತುಂಬಿದ್ದಳು. ಅವಳಿಗೆ ಫೋನಿನಲ್ಲಿ ಹೇಳುವಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಆಮೇಲೆ ಆ ಪೆಟ್ಟಿಗೆಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಂದರಲ್ಲೂ ಕಾಗದ ಹರಿದಿರಲಿಲ್ಲ. ಅಂದರೆ ಅವರು ಹೇಳಿದ್ದು ಸುಳ್ಳಲ್ಲ. ಕಾಗದ ಗಟ್ಟಿಯೇ. ಪೆಟ್ಟಿಗೆ ಗಟ್ಟಿಯಲ್ಲ.

ಇವೆರಡೂ ಬೇರೆ ಬೇರೆ ಗುಣ ಅಂತ ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕಲಿತೆ. ಒಂದು, ಕಾಗದ ಒಡೆಯದೆ ಎಷ್ಟು ಒತ್ತಡ ತಡೆಯುತ್ತದೆ ಅನ್ನುವುದು. ರಬ್ಬರಿನ ಪೊರೆಯನ್ನು ಉಬ್ಬಿಸಿ ಕಾಗದ ಒಡೆಯುವವರೆಗೆ ಒತ್ತಿ ಇದನ್ನು ಅಳೆಯುತ್ತಾರೆ. ಬಿಎಫ್ (ಬರ್ಸ್ಟ್ ಫ್ಯಾಕ್ಟರ್) ಅನ್ನುವ ಅಂಕಿ ಇದರದ್ದು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. 180 ಜಿಎಸ್‌ಎಂ, 22 ಬಿಎಫ್ ಕಾಗದವಾದರೆ ಎರಡನ್ನೂ ಗುಣಿಸಿ 1000ದಿಂದ ಭಾಗಿಸಿ. 3.96 ಬರುತ್ತದೆ. ಆ ಹಾಳೆ ಒಂದು ಚದರ ಸೆಂಟಿಮೀಟರಿಗೆ ಅಷ್ಟು ಕಿಲೋ ಒತ್ತಡ ತಡೆಯುತ್ತದೆ. ಒಳಗಿನ ಮಾಲು ಗುದ್ದಿ ಹೊರಗೆ ಬರುವ ಭಯವಿದ್ದರೆ ಈ ಅಂಕಿ ನೋಡಬೇಕು.

ಇನ್ನೊಂದು, ಪೂರ್ತಿ ಪೆಟ್ಟಿಗೆ ಮೇಲಿನ ಭಾರವನ್ನು ಕುಸಿಯದೆ ಎಷ್ಟು ಹೊರುತ್ತದೆ ಅನ್ನುವುದು. ಇದರ ಅಳತೆ ಬಿಸಿಟಿ (ಬಾಕ್ಸ್ ಕಂಪ್ರೆಶನ್ ಟೆಸ್ಟ್). ಒಂದು ಪೆಟ್ಟಿಗೆ 12 ಕಿಲೋ ಅಂತ ಇಟ್ಟುಕೊಳ್ಳಿ. ಆರು ಒಟ್ಟಿದರೆ ತಳದ್ದರ ಮೇಲೆ ಐದು, ಅಂದರೆ 60 ಕಿಲೋ. ಹಾಗಂತ 60 ಕಿಲೋ ಹೊರುವ ಪೆಟ್ಟಿಗೆ ಸಾಲದು. ದಾರಿಯ ಕುಲುಕಾಟ, ದಿನಗಟ್ಟಲೆ ನಿಲ್ಲುವುದು, ತೇವ ಎಲ್ಲ ಸೇರಿ ಅದರ ಮೂರರಿಂದ ಐದು ಪಟ್ಟು ಹೊರುವ ಪೆಟ್ಟಿಗೆ ಆರಿಸುವುದು ವಾಡಿಕೆ. ಅಂದರೆ 180ರಿಂದ 300 ಕಿಲೋ. ನಮ್ಮ ಬೆಣ್ಣೆಹಣ್ಣಿಗೆ ಬೇಕಾಗಿದ್ದ ಗಟ್ಟಿ ಇದು. ನಾವು ಕೊಂಡಿದ್ದು ಮೊದಲು ಹೇಳಿದ ಗಟ್ಟಿ.

ಇಂಗ್ಲಿಷಿನಲ್ಲಿ ಇವಕ್ಕೆ ಎರಡು ಹೆಸರಿವೆ. ನಮ್ಮ ಅಂಗಡಿಗಳಲ್ಲಿ ಎರಡಕ್ಕೂ ‘ಗಟ್ಟಿ’ ಒಂದೇ. ಹಾಗಾಗಿ ಮೊದಲನೆಯದಕ್ಕೆ ‘ಒಡೆತ ತಾಳಿಕೆ’, ಎರಡನೆಯದಕ್ಕೆ ‘ಹೊರೆ ತಾಳಿಕೆ’ ಅಂತ ಬರೆದಿದ್ದೇನೆ. ಬಾಳಿಕೆ ಬೇಡ ಅನಿಸಿತು. ಅದು ಎಷ್ಟು ಕಾಲ ಅನ್ನುವುದನ್ನು ಹೇಳುತ್ತದೆ, ಎಷ್ಟು ಭಾರ ಅನ್ನುವುದನ್ನಲ್ಲ. ‘ಒಡೆತ’ದ ಜಾಗದಲ್ಲಿ ‘ಬಿರಿತ’ ಚೆನ್ನವೇ? ಬಿರಿಯುವುದು ಅಂದರೆ ಹೂವೂ ನೆನಪಾಗುತ್ತದೆ, ಅದಕ್ಕೇ ಹಿಂಜರಿದೆ. ‘ಹೆವಿ ಡ್ಯೂಟಿ’ಗೆ ‘ಹೆಚ್ಚು ಹೊರೆ ತಾಳುವ’ ಅಂತ ಬಿಡಿಸಿಯೇ ಬರೆದೆ. ‘ಭಾರಿ’ ಅಂದರೆ ಪೆಟ್ಟಿಗೆಯೇ ಭಾರ ಅನ್ನುವ ಅರ್ಥ ಬರುತ್ತದೆ.

‘ಬಲ್ಕ್’ ಪೆಟ್ಟಿಗೆಯ ಬಗ್ಗೆ ಒಂದೇ ಮಾತು. ‘ಸಗಟು’ ಇಲ್ಲಿ ಹೊಂದುವುದಿಲ್ಲ, ಅದು ವ್ಯಾಪಾರದ ಪದ. ಬಿಡಿಯಾಗಿ ಸುರಿದು ತುಂಬುವ ದೊಡ್ಡ ಪೆಟ್ಟಿಗೆಗೆ ‘ರಾಶಿಪೆಟ್ಟಿಗೆ’ ಅಂದುಕೊಂಡಿದ್ದೇನೆ. ಕಣದಲ್ಲಿ ರಾಶಿ ಮಾಡಿದವರಿಗೆ ವಿವರಿಸಬೇಕಾಗಿಲ್ಲ.

ಒಟ್ಟುವ ರೀತಿಗೂ ಪದ ಬೇಕು. ಪೆಟ್ಟಿಗೆಯ ಮೂಲೆಗಳೇ ಭಾರದ ಹೆಚ್ಚು ಪಾಲು ಹೊರುತ್ತವೆ. ಹಾಗಾಗಿ ಮೂಲೆಯ ಮೇಲೆ ಮೂಲೆ ಬರಬೇಕು. ಇಟ್ಟಿಗೆ ಗೋಡೆ ಕಟ್ಟುವ ಹಾಗೆ ಅದಲುಬದಲು ಇಟ್ಟರೆ ಅಟ್ಟಿ ಅಲುಗಾಡುವುದಿಲ್ಲ, ಆದರೆ ಹೊರೆ ತಾಳಿಕೆ ತುಂಬಾ ಇಳಿಯುತ್ತದೆ. ಮೊದಲನೆಯದನ್ನು ‘ಕಂಬದ ಅಟ್ಟಿ’, ಎರಡನೆಯದನ್ನು ‘ಇಟ್ಟಿಗೆ ಅಟ್ಟಿ’ ಅಂದಿದ್ದೇನೆ. ಗಾರೆ ಕೆಲಸದವರಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಮಾತಿರಬಹುದು. ಗೊತ್ತಿದ್ದವರು ಹೇಳಿ.

ಕೊನೆಯ ಪ್ರಶ್ನೆ ಮಲೆನಾಡಿನವರಿಗೆ, ಮುಖ್ಯವಾಗಿ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರಿಗೆ. ಮಳೆಗಾಲದಲ್ಲಿ ಕಾಗದ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಪದರ ಅಂಟಿಸಿದ್ದು ಪಿಷ್ಟದ ಗೋಂದು, ಅದೂ ಸಡಿಲವಾಗುತ್ತದೆ. ನೀರು ಬಿದ್ದಿರುವುದಿಲ್ಲ. ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಆದರೂ ಪೆಟ್ಟಿಗೆಗೆ ಮೊದಲಿನ ಬಿರುಸು ಇರುವುದಿಲ್ಲ. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಇಟ್ಟ ಹಪ್ಪಳದ ಹಾಗೆ. ‘ಮೆತ್ತಗಾಗಿದೆ’ ಅಂದರೆ ಹಣ್ಣಾದದ್ದೂ ಆಗುತ್ತದೆ, ‘ಒದ್ದೆ’ ಅಂದರೆ ನೀರು ತಾಗಿದ್ದು. ಈ ನಡುವಿನ ಸ್ಥಿತಿಗೆ ನಿಮ್ಮ ಮನೆಯ ಹಿರಿಯರು, ತೋಟದಲ್ಲಿ ಮಾಲು ತುಂಬುವವರು ಏನಂತಾರೆ? ಆ ಒಂದು ಪದ ಸಿಕ್ಕರೆ ನನ್ನ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಅದನ್ನೇ ಹಾಕುತ್ತೇನೆ.