ವೈನ್ ದ್ರಾಕ್ಷಿ ಹಚ್ಚಬೇಕಂತ ಮಾಡೀನಿ, ಎಲ್ಲಿಂದ ಶುರು ಮಾಡ್ಲಿ?

ಪ್ರಶ್ನೆ (ಆಳಂದ ತಾಲೂಕಿನ ರೈತ):
ನಮಸ್ಕಾರ್ರಿ ಮೇಡಂ. ನಂದು ನಾಕು ಎಕರೆ ಹೊಲ ಅದ. ಮ್ಯಾಲ ಮೂರು ಫೂಟ್ ಎರಿ ಮಣ್ಣು, ಕೆಳಗ ಗರಸು. ಇಷ್ಟು ದಿನ ತೊಗರಿ, ಒಂದೆಕರೆ ಕಬ್ಬು ಮಾಡ್ಕೋತ ಬಂದೀನಿ. ಬೋರಿಗೆ ಬ್ಯಾಸಿಗ್ಯಾಗೂ ನೀರು ಅವ. ಬಾಜೂಕ ಇಬ್ಬರು ಸೋನಾಕಾ (ತಿನ್ನೋ ದ್ರಾಕ್ಷಿ ತಳಿ) ಪಡ ಮಾಡ್ಯಾರ, ಅವರ ಖರ್ಚು ನೋಡಿದ್ರ ತಲಿ ತಿರಗ್ತದ. ವೈನ್ ದ್ರಾಕ್ಷಿಗೆ ಜಿಎ (ಕಾಳು ದಪ್ಪ ಮಾಡೋ ಔಷಧ) ಬ್ಯಾಡ, ಕಾಳು ಕತ್ತರಿಸೋದು ಬ್ಯಾಡ, ಅರ್ಧ ಖರ್ಚಿನಾಗ ಆಗ್ತದ ಅಂತ ಒಬ್ಬರು ಹೇಳಿದ್ರು. ಖರೇನಾ? ಯಾವ ತಳಿ ಹಚ್ಚಬೇಕು?

ಉತ್ತರ (ತೋಟಗಾರಿಕೆ ತಜ್ಞೆ):
ನಮಸ್ಕಾರ ಅಣ್ಣಾರ. ಜಿಎ ಬೇಡ ಅನ್ನುವುದು ನಿಜ, ಕಾಳು ಕತ್ತರಿಸುವುದು ಬೇಡ ಅನ್ನುವುದೂ ನಿಜ. ವೈನಿಗೆ ಸಣ್ಣ ಕಾಳೇ ಬೇಕು. ಬಣ್ಣ, ಒಗರು, ವಾಸನೆ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ. ಕಾಳು ಸಣ್ಣದಾದಷ್ಟೂ ರಸದ ಲೆಕ್ಕಕ್ಕೆ ಸಿಪ್ಪೆ ಹೆಚ್ಚು ಸಿಗುತ್ತದೆ. ಆದರೆ ತಳಿಯ ಮಾತು ಆಮೇಲೆ. ಮೊದಲು ಕೊಳ್ಳುವವರು ಯಾರು ಅನ್ನುವುದು ಗೊತ್ತಾಗಬೇಕು.

ನಿಮ್ಮ ನೆರೆಯವರು ಸೋನಾಕಾ ಮಾಡಿದ್ದಾರೆ. ಅವರಿಗೆ ಪೇಟೆಯಲ್ಲಿ ದರ ಬಿದ್ದರೆ ಹಣ್ಣನ್ನು ಒಣಗಿಸಿ ಮಣೂಕ ಮಾಡಿ ವಿಜಯಪುರಕ್ಕೋ ತಾಸಗಾಂವಕ್ಕೋ ಕಳಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಲಾಭ ಬರದಿದ್ದರೂ ಹಾಕಿದ ದುಡ್ಡು ಅಷ್ಟಿಷ್ಟು ಕೈಗೆ ಬರುತ್ತದೆ. ವೈನ್ ತಳಿಗೆ ಆ ದಾರಿ ಇಲ್ಲ. ಕ್ಯಾಬರ್ನೆ ಸಾವಿನ್ಯೋ, ಶಿರಾಜ್ ಯಾವುದೇ ಇರಲಿ, ಕಾಳು ಬಟಾಣಿಯಷ್ಟು, ಒಳಗೆ ಬೀಜ, ಸಿಪ್ಪೆ ದಪ್ಪ. ತಿನ್ನಲು ಯಾರೂ ಕೊಳ್ಳುವುದಿಲ್ಲ, ಇಷ್ಟು ಸಣ್ಣ ಕಾಳಿನ ಬೀಜದ ಮಣೂಕಕ್ಕೂ ಗಿರಾಕಿ ಸಿಗುವುದು ಕಷ್ಟ. ವೈನರಿಯವರು ಈ ವರ್ಷ ಬೇಡ ಅಂದರೆ ಹಣ್ಣು ಬಳ್ಳಿಯಲ್ಲೇ ಉಳಿಯುತ್ತದೆ. ಹಾಗಾಗಿ ಬರೆದು ಸಹಿ ಮಾಡಿದ ಕರಾರು ಕೈಗೆ ಬರುವವರೆಗೆ ಒಂದು ಗುಣಿಯನ್ನೂ ತೋಡಬೇಡಿ. ನರ್ಸರಿಯವರು ಸಸಿ ಮಾರಿ ಹೋಗುತ್ತಾರೆ, ಅವರ ಭರವಸೆ ಕರಾರಲ್ಲ.

ಖರ್ಚು ಅರ್ಧ ಅನ್ನುವುದನ್ನೂ ಪೂರ್ತಿ ನಂಬಬೇಡಿ. ಕಂಬ, ತಂತಿ, ಡ್ರಿಪ್ಪು, ಕಸಿ ಇವೆಲ್ಲ ಮೊದಲ ವರ್ಷವೇ ಹಾಕಬೇಕು. ಮೊದಲ ಫಸಲು ಕಾಣುವುದಕ್ಕೆ ಎರಡು ವರ್ಷ, ಪೂರ್ತಿ ಇಳುವರಿಗೆ ಮೂರನೇ ವರ್ಷ. ಅದೂ ಎಕರೆಗೆ ನಾಲ್ಕೈದು ಟನ್ನು ಸಾಕು ಅನ್ನುವ ಬೆಳೆ. ಸೋನಾಕಾದಲ್ಲಿ ಹತ್ತು ಟನ್ನಿನ ಮಾತು ಕೇಳಿದವರಿಗೆ ಇದು ಹಿಡಿಸುವುದು ಕಷ್ಟ.

ಆಳಂದದವರು:
ಕರಾರು ಅಂದ್ರ ಅದರಾಗ ಏನೇನು ಬರೀಬೇಕ್ರಿ? ದರ ಒಂದು ಬರದ್ರ ಸಾಕಲ್ಲ?

ಉತ್ತರ:
ದರಕ್ಕಿಂತ ಹೆಚ್ಚು ಜಗಳ ಆಗುವುದು ಬ್ರಿಕ್ಸ್ ಮೇಲೆ. ಬ್ರಿಕ್ಸ್ ಅಂದರೆ ರಸದಲ್ಲಿನ ಸಕ್ಕರೆಯ ಅಳತೆ. ಹುದುಗಿನಲ್ಲಿ ಆ ಸಕ್ಕರೆಯೇ ಆಲ್ಕೋಹಾಲ್ ಆಗುತ್ತದೆ. 22 ಬ್ರಿಕ್ಸ್ ಹಣ್ಣಿನಿಂದ ಹೆಚ್ಚುಕಡಿಮೆ ಶೇ 12ರಿಂದ 13 ಆಲ್ಕೋಹಾಲಿನ ವೈನ್ ಬರುತ್ತದೆ. ಕೆಂಪು ವೈನಿಗೆ ಸಾಮಾನ್ಯವಾಗಿ 22ರಿಂದ 24 ಕೇಳುತ್ತಾರೆ, ಬಿಳಿಗೆ ಒಂದೆರಡು ಕಡಿಮೆ. ಎಷ್ಟಕ್ಕೆ ಕೊಳ್ಳುತ್ತಾರೆ, ಕಡಿಮೆ ಬಂದರೆ ಎಷ್ಟು ಕಡಿತ, ಅಳೆಯುವವರು ಯಾರು, ನಿಮ್ಮ ಹೊಲದಲ್ಲೋ ಅವರ ಗೇಟಿನಲ್ಲೋ, ಇದೆಲ್ಲ ಬರೆಸಿ. ಪಿಎಚ್ (ರಸದ ಹುಳಿಯ ಅಳತೆ, ಹುಳಿ ಇಳಿದಷ್ಟೂ ಇದು ಏರುತ್ತದೆ) ಕೂಡ ಬರೆಸಿ. ಕೊಯ್ಲಿನ ದಿನ ಹೇಳುವುದು ಅವರಾದರೆ, ಹೇಳಿದ ದಿನ ಗಾಡಿ ಕಳಿಸದಿದ್ದಾಗ ನಷ್ಟ ಯಾರದು ಅಂತಲೂ ಇರಲಿ. ಮಾರ್ಚ್ ಬಿಸಿಲಲ್ಲಿ ಮೂರು ದಿನ ತಡವಾದರೆ ಹುಳಿ ಇಳಿದು, ಕಾಳು ಬಾಡಿ, ತೂಕವೂ ಹೋಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಯವರಿಗೆ ಸಾಗಣೆ ದೊಡ್ಡ ಮಾತು. ವೈನರಿಗಳು ಹೆಚ್ಚಾಗಿ ಇರುವುದು ಕೃಷ್ಣಾ ಕಣಿವೆಯ ವಿಜಯಪುರ, ಬೆಳಗಾವಿ ಕಡೆ, ಬೆಂಗಳೂರು ಸುತ್ತ, ಇಲ್ಲವೇ ಸಾಂಗ್ಲಿ, ನಾಸಿಕದಲ್ಲಿ. ರಾಜ್ಯದ ವೈನ್ ನೀತಿ ಬಂದದ್ದು 2007ರಲ್ಲಿ. ದ್ರಾಕ್ಷಾರಸ ಮಂಡಳಿ ಇದೆ, ಯಾರು ಕೊಳ್ಳುತ್ತಿದ್ದಾರೆ ಅಂತ ಅಲ್ಲಿಯೂ ಕೇಳಿ ನೋಡಿ.

ಪ್ರಶ್ನೆ (ಹುಮನಾಬಾದ್‌ನಿಂದ):
ಮೇಡಂ, ನಮ್ಮಲ್ಲಿ ಎರಿ ಅಲ್ಲ, ಕೆಂಪು ಮಣ್ಣು ಅದ, ಅಗದ್ರ ಕಲ್ಲು ಹತ್ತತಾವ. ತೊಗರಿ ಸುದಾ ಸುಮಾರಾಗೇ ಬರ್ತದ. ಇಂಥಾದ್ರಾಗ ದ್ರಾಕ್ಷಿ ಆಗ್ತದೇನು?

ಉತ್ತರ:
ವೈನ್ ದ್ರಾಕ್ಷಿಗೆ ನಿಮ್ಮ ಹೊಲವೇ ಆಳಂದದವರ ಹೊಲಕ್ಕಿಂತ ಚಲೋ. ಬೀದರಿನ ಜಂಬಿಟ್ಟಿಗೆ ಮಣ್ಣು ನೀರು ನಿಲ್ಲಿಸಿಕೊಳ್ಳುವುದಿಲ್ಲ, ಬೇರು ಉಸಿರಾಡುತ್ತದೆ. ಬಳ್ಳಿ ಸ್ವಲ್ಪ ಹಸಿದೇ ಇರುತ್ತದೆ, ಎಲೆಗೆ ಓಡುವುದನ್ನು ಬಿಟ್ಟು ಹಣ್ಣಿನ ಕಡೆ ತಿರುಗುತ್ತದೆ. ಆಳವಾದ ಎರೆಯಲ್ಲಿ ಇದು ಉಲ್ಟಾ. ಮಳೆಗಾಲದ ತೇವ ತಿಂಗಳುಗಟ್ಟಲೆ ಕೆಳಗೆ ಕೂತಿರುತ್ತದೆ, ನೀವು ಡ್ರಿಪ್ಪು ಬಂದ್ ಮಾಡಿದರೂ ಬಳ್ಳಿಗೆ ಬಾಯಾರಿಕೆ ಆಗುವುದಿಲ್ಲ, ಕುಡಿ ಬೆಳೆಯುತ್ತಲೇ ಇರುತ್ತದೆ. ಗೊನೆ ನೆರಳಲ್ಲಿ ಮುಚ್ಚಿಹೋಗುತ್ತದೆ.

ಎತ್ತರದ ಲಾಭವೂ ನಿಮಗಿದೆ. ಬೀದರ್ ಪಠಾರ ಕಲಬುರಗಿಗಿಂತ ಇನ್ನೂರು ಮೀಟರಿನಷ್ಟು ಮೇಲಿದೆ. ರಾತ್ರಿ ತಂಪಿರುತ್ತದೆ. ವೈನ್ ದ್ರಾಕ್ಷಿಯಲ್ಲಿ ಎರಡು ಮುಖ್ಯ ಹುಳಿ, ಟಾರ್ಟಾರಿಕ್ ಮತ್ತು ಮ್ಯಾಲಿಕ್. ಕಾಳು ಮಾಗುವಾಗ ಸೆಕೆ ಹೆಚ್ಚಾದಷ್ಟೂ ಮ್ಯಾಲಿಕ್ ಬೇಗ ಕರಗಿ ಹೋಗುತ್ತದೆ. ಸಕ್ಕರೆ ಏರಿದ್ದರೂ ಹುಳಿ ಇರುವುದಿಲ್ಲ, ವೈನ್ ಸಪ್ಪೆ. 35 ಡಿಗ್ರಿ ದಾಟಿತೆಂದರೆ ಕೆಂಪು ತಳಿಗಳಲ್ಲಿ ಬಣ್ಣ ಕಟ್ಟುವುದೂ ನಿಧಾನ. ನಮ್ಮ ಭಾಗದಲ್ಲಿ ಸಕ್ಕರೆ ತರಿಸುವುದು ಕಷ್ಟವೇ ಅಲ್ಲ, ಬಿಸಿಲು ಪುಕ್ಕಟೆ ಕೊಡುತ್ತದೆ. ಇದ್ದ ಹುಳಿಯನ್ನು ಕೊಯ್ಲಿನವರೆಗೆ ಉಳಿಸಿಕೊಳ್ಳುವುದೇ ಕೆಲಸ.

ಆಳಂದದವರು ತಳಿ ಕೇಳಿದ್ದರು. ಕೆಂಪಿನಲ್ಲಿ ಶಿರಾಜ್ ಸೆಕೆಯನ್ನು ತಡೆಯುತ್ತದೆ, ಕ್ಯಾಬರ್ನೆ ಸಾವಿನ್ಯೋ ಸಿಪ್ಪೆ ಗಟ್ಟಿ, ಕೊಳೆ ಕಡಿಮೆ. ಬಿಳಿಯಲ್ಲಿ ಶೆನಿನ್ ಬ್ಲಾಂಕ್ ಹುಳಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಸಾವಿನ್ಯೋ ಬ್ಲಾಂಕ್ ಬೇಗ ಮಾಗುತ್ತದೆ, ಆದರೆ ಅದರ ವಾಸನೆ ಸೆಕೆಗೆ ಹಾರಿಹೋಗುತ್ತದೆ. ಕಲಬುರಗಿ, ಯಾದಗಿರಿಯಲ್ಲಿ ನಾನಾದರೆ ಅದರ ಗೋಜಿಗೆ ಹೋಗುವುದಿಲ್ಲ. ಕೊನೆಗೆ ಯಾವುದು ಅನ್ನುವುದನ್ನು ಕರಾರು ಮಾಡುವವರೇ ಹೇಳುತ್ತಾರೆ, ಅದೇ ಸರಿ.

ಇನ್ನೊಬ್ಬ ಸದಸ್ಯರು:
ವಿಜಯಪುರದಾಗ ನಮ್ಮ ಮಾವನೋರು ಎಲ್ಲಾ ಡಾಗ್‌ರಿಜ್ ಅನ್ನೋ ಕಾಡು ದ್ರಾಕ್ಷಿ ಬೇರಿನ ಮ್ಯಾಲೇ ಕಸಿ ಕಟ್ಯಾರ. ಅದನ್ನ ಹಚ್ಚಿದ್ರ ಉಪ್ಪು ನೀರಿಗೂ ತಡೀತದ ಅಂತಾರ. ವೈನಿಗೂ ಅದೇ ನಡೀತದಲ್ರಿ?

ಉತ್ತರ:
ತಿನ್ನುವ ಹಣ್ಣಿಗೆ ನಡೆಯುತ್ತದೆ. ವೈನಿಗೆ ನಾನು ಬೇಡ ಅನ್ನುತ್ತೇನೆ. ಡಾಗ್‌ರಿಜ್ ಉಪ್ಪು, ಬರ ತಡೆಯುವುದು ನಿಜ, ಆದರೆ ಅದರ ಶಕ್ತಿ ವಿಪರೀತ. ಎರೆ ಮಣ್ಣು, ಅದರ ಮೇಲೆ ಡಾಗ್‌ರಿಜ್ ಅಂದರೆ ಎಲೆಯ ಕಾಡು. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ: ಪೊಟ್ಯಾಷ್ ಅನ್ನು ಜಾಸ್ತಿ ಹೀರುತ್ತದೆ. ಆ ಪೊಟ್ಯಾಷ್ ರಸದ ಟಾರ್ಟಾರಿಕ್ ಹುಳಿಯ ಜೊತೆ ಕೂಡಿ ಹರಳಾಗಿ ಕೆಳಗೆ ಕೂರುತ್ತದೆ, ಪಿಎಚ್ ಮೇಲೇರುತ್ತದೆ. ಪಿಎಚ್ 3.3ರಿಂದ 3.6ರೊಳಗೆ ಇರಬೇಕಾದದ್ದು 4ರ ಹತ್ತಿರ ಹೋದರೆ ವೈನಿನ ಬಣ್ಣ ಮಂಕು, ಬೇಗ ಕೆಡುತ್ತದೆ. ವೈನರಿಯವರು ನಿಮ್ಮ ಹಣ್ಣನ್ನು ವಾಪಸ್ ಕಳಿಸುವುದು ಇಂಥ ಕಾರಣಕ್ಕೆ. 110ಆರ್ ಬೇರು ಹದವಾಗಿ ಬೆಳೆಯುತ್ತದೆ. ಸುಣ್ಣ ಜಾಸ್ತಿ ಇರುವ ಮಣ್ಣಿಗೆ 140ಆರ್‌ಯು ಕೇಳಿ. ಬೇರುಸಸಿಯನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಹಚ್ಚಿ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೊಲದಲ್ಲೇ ಕಸಿ ಕಟ್ಟುವುದು ರೂಢಿ. ಸಾಲಿನಿಂದ ಸಾಲಿಗೆ ಎಂಟು ಅಡಿ, ಬಳ್ಳಿಯಿಂದ ಬಳ್ಳಿಗೆ ನಾಲ್ಕು ಅಡಿ ಇಟ್ಟರೆ ಎಕರೆಗೆ 1,360 ಬಳ್ಳಿ.

ಆಳಂದದವರು:
ಚಾಟ್ನಿ (ಬಳ್ಳಿ ಸವರೋದು) ಸೋನಾಕಾದಂಗೇ ಎರಡು ಸಲಾನೋ ಏನು ಬ್ಯಾರೇನೋ?

ಉತ್ತರ:
ಎರಡು ಸಲವೇ. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಯುರೋಪಿನಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವರ್ಷಕ್ಕೊಮ್ಮೆ ಸವರಿದರೆ ಸಾಕು. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ. ಸವರದೆ ಬಿಟ್ಟರೆ ಮಳೆಗಾಲದಲ್ಲಿ ಹಣ್ಣು ಬಿಟ್ಟು ಕೊಳೆಯುತ್ತದೆ.

ಏಪ್ರಿಲ್ ಚಾಟ್ನಿಯನ್ನು ಬಹಳ ಜನ ಕಾಟಾಚಾರಕ್ಕೆ ಮಾಡುತ್ತಾರೆ. ಆದರೆ ಮುಂದಿನ ಫಸಲು ಎಷ್ಟು ಅನ್ನುವುದು ತೀರ್ಮಾನ ಆಗುವುದೇ ಅಲ್ಲಿ. ಆ ಚಾಟ್ನಿಯಾದ ಮೇಲೆ ನಲವತ್ತರಿಂದ ಅರವತ್ತು ದಿನದೊಳಗೆ ಹೊಸ ಕಡ್ಡಿಯ ಕಣ್ಣುಗಳಲ್ಲಿ ಗೊನೆಯ ಮೊಳಕೆ ಕಟ್ಟುತ್ತದೆ. ಆಗ ಕಡ್ಡಿಗೆ ಬಿಸಿಲು ಬೀಳಬೇಕು, ನೀರು ಮತ್ತು ಸಾರಜನಕ ಎರಡೂ ಕೈ ಬಿಗಿ ಹಿಡಿದು ಕೊಡಬೇಕು. ಆ ಹೊತ್ತಲ್ಲಿ ಯೂರಿಯಾ ಸುರಿದವರು ಅಕ್ಟೋಬರ್‌ನಲ್ಲಿ ಗೊನೆ ಹುಡುಕುತ್ತಾ ತಿರುಗುತ್ತಾರೆ.

ಸೋನಾಕಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹಣ್ಣಿನ ಚಾಟ್ನಿಯಲ್ಲಿ. ಸೋನಾಕಾದಂಥ ಥಾಮ್ಸನ್ ಜಾತಿಗೆ ಕಡ್ಡಿಯಲ್ಲಿ ಐದಾರು ಕಣ್ಣು ಬಿಡುತ್ತಾರೆ, ಫಲದ ಕಣ್ಣು ದೂರದಲ್ಲಿರುವುದರಿಂದ. ವೈನ್ ತಳಿಗಳಲ್ಲಿ ಬುಡದ ಕಣ್ಣಿನಲ್ಲೂ ಗೊನೆ ಬರುತ್ತದೆ, ಎರಡು ಕಣ್ಣು ಬಿಟ್ಟು ಕತ್ತರಿಸಿದರೆ ಆಗುತ್ತದೆ. ಹಾಗಾಗಿಯೇ ಮೇಲೆ ಹರಡುವ ಚಪ್ಪರ ಬೇಕಿಲ್ಲ. ತಂತಿಗೆ ಎರಡು ತೋಳು ಹಬ್ಬಿಸಿ, ಕುಡಿಗಳನ್ನು ನೆಟ್ಟಗೆ ಮೇಲಕ್ಕೆ ಕಟ್ಟುವ ಬೇಲಿ ಪದ್ಧತಿ ಸಾಕು. ಗೊನೆಯ ಸುತ್ತಲಿನ ಎಲೆ ತೆಗೆಯುವಾಗ ಮೂಡಣ ಬದಿಯದ್ದನ್ನು ಮಾತ್ರ ತೆಗೆಯಿರಿ. ಪಡುವಣ ಬದಿ ತೆಗೆದರೆ ಸಂಜೆ ಬಿಸಿಲಿಗೆ ಕಾಳು ಸುಡುತ್ತದೆ.

ಯಾವಾಗ ಕತ್ತರಿಸುವುದು ಅನ್ನುವುದೇ ನಮ್ಮ ಭಾಗದ ದೊಡ್ಡ ಇಕ್ಕಟ್ಟು. ಕೆಂಪು ತಳಿ ಚಾಟ್ನಿಯಿಂದ ಕೊಯ್ಲಿಗೆ 140–150 ದಿನ ತೆಗೆದುಕೊಳ್ಳುತ್ತದೆ. ಅಕ್ಟೋಬರ್ ನಡುವಿಗೆ ಕತ್ತರಿಸಿದರೆ ಹಣ್ಣು ಮಾಗುವುದು ಮಾರ್ಚ್‌ಗೆ, ಆಗ ಕಲಬುರಗಿಯಲ್ಲಿ ಹಗಲು 37 ಡಿಗ್ರಿ ಹತ್ತಿರ. ಸೆಪ್ಟೆಂಬರ್ ಮೊದಲಲ್ಲೇ ಕತ್ತರಿಸಿದರೆ ತಂಪಿನಲ್ಲಿ ಮಾಗುತ್ತದೆ, ಆದರೆ ನಮ್ಮಲ್ಲಿ ಜೋರು ಮಳೆ ಬರುವುದೇ ಸೆಪ್ಟೆಂಬರ್‌ನಲ್ಲಿ. ಎಳೆ ಕುಡಿಗೆ ಡೌನಿ ಬೂಜು ರೋಗ ಹತ್ತಿದರೆ ಗೊನೆಯೇ ಹೋಗುತ್ತದೆ. ನನ್ನ ಸಲಹೆ ಸೆಪ್ಟೆಂಬರ್ ಕೊನೆಯ ವಾರ, ಮಳೆ ಬಿಡುವು ಕೊಟ್ಟದ್ದು ನೋಡಿ. ಡೌನಿಯ ಗುರುತು, ಎಲೆ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಹಳದಿ ಚುಕ್ಕೆ, ಅದರ ಕೆಳಗೆ ಬಿಳಿ ಬೂಜು. ಅದು ಕಾಣುವ ಮೊದಲೇ ಶೇ 1ರ ಬೋರ್ಡೋ ದ್ರಾವಣ ಬೇಕು: ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್.

ಇನ್ನೊಬ್ಬ ಸದಸ್ಯರು:
ಬೂದಿ ರೋಗಕ್ಕ ಗಂಧಕ ಹೊಡೀತೀವಲ್ಲ, ಕೊಯ್ಲಿನ ತನಾ ಹೊಡದ್ರ ಏನಾಗ್ತದ?

ಉತ್ತರ:
ವೈನಿಗೆ ಕೊಡುವುದಾದರೆ ಕೊಯ್ಲಿಗೆ ತಿಂಗಳಿಗೂ ಮೊದಲೇ ನಿಲ್ಲಿಸಿ. ಸಿಪ್ಪೆ ಮೇಲೆ ಉಳಿದ ಗಂಧಕವನ್ನು ಹುದುಗಿನ ಯೀಸ್ಟ್ ಕೊಳೆತ ತತ್ತಿಯ ವಾಸನೆಯಾಗಿ ಬದಲಿಸುತ್ತದೆ, ಇಡೀ ಟ್ಯಾಂಕ್ ನಾರುತ್ತದೆ. ಏನು ಹೊಡೆದಿರಿ, ಯಾವತ್ತು ಹೊಡೆದಿರಿ ಅಂತ ವಹಿ ಇಡಿ, ವೈನರಿಯವರು ಕೇಳುತ್ತಾರೆ.

ಮತ್ತೊಬ್ಬ ಸದಸ್ಯರು:
ಶರಣರ ನಾಡಿನಾಗ ಸೆರೆಯ ಬೆಳೆ ಯಾಕ ಬೇಕ್ರಿ? ತೊಗರಿ ಬೆಳದು ತಿನ್ನೋಣ.

ಉತ್ತರ:
ನಿಮಗೆ ಒಪ್ಪದಿದ್ದರೆ ಬೆಳೆಯಬೇಡಿ ಅಪ್ಪಾಜಿ, ಅದರಲ್ಲಿ ತಪ್ಪಿಲ್ಲ. ನನ್ನನ್ನು ಕೇಳಿದ್ದು ಬಳ್ಳಿಯ ಬಗ್ಗೆ, ಅಷ್ಟಕ್ಕೇ ಉತ್ತರ. ಬರಡು ಮಸಾರಿಯಲ್ಲಿ ಬೆಳೆ ಹುಡುಕುವವರ ಕಷ್ಟವೂ ಇದೆ. ತೊಗರಿ ಬಿಡಬೇಡಿ ಅಂತ ನಾನೂ ಹೇಳುವವಳೇ. ನಾಲ್ಕೂ ಎಕರೆಗೆ ದ್ರಾಕ್ಷಿ ಹಚ್ಚುವವರನ್ನು ಕಂಡರೆ ನನಗೆ ಭಯ.

ಪ್ರಶ್ನೆ (ಶಹಾಪುರದಿಂದ):
ನಮ್ಮದು ನಾರಾಯಣಪುರ ಕಾಲುವಿ ನೀರಾವರಿ. ನೆಲ್ಲು ಬಿಟ್ಟು ದ್ರಾಕ್ಷಿ ಮಾಡಬಹುದಾ?

ಉತ್ತರ:
ಬೇಡ. ವರ್ಷಗಟ್ಟಲೆ ನೆಲ್ಲಿಗೆ ನೀರು ನಿಲ್ಲಿಸಿದ ಎರೆ ಹೊಲ, ಸುತ್ತಲಿನ ಗದ್ದೆಯಿಂದ ಬಸಿಯುವ ನೀರು, ಮೇಲೇಳುವ ಉಪ್ಪು. ದ್ರಾಕ್ಷಿ ಬೇರು ಇಂಥ ಕಡೆ ಬಾಳುವುದಿಲ್ಲ. ಕಾಲುವೆ ಮುಟ್ಟದ ಎತ್ತರದ ಹೊಲ ಇದ್ದರೆ ಆಗ ಕೇಳಿ.

ಕಲಬುರಗಿಯಿಂದ ಒಬ್ಬ ಅಕ್ಕ:
ಮನಿ ಮುಂದ ಒಂದು ಬಳ್ಳಿ ಹಚ್ಚಿ ಮನ್ಯಾಗೇ ವೈನ್ ಮಾಡ್ಕೋಬಹುದಾ ಮೇಡಂ?

ಉತ್ತರ:
ಬಳ್ಳಿ ಹಚ್ಚಿ, ಹಣ್ಣು ತಿನ್ನಿ ಅಕ್ಕಾರ. ಲೈಸೆನ್ಸ್ ಇಲ್ಲದೆ ವೈನ್ ಮಾಡುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಅದಕ್ಕೆ ಬೇಕಾದ ಸಲಹೆ ನಾನು ಕೊಡುವುದಿಲ್ಲ.

ಆಳಂದದವರು:
ಮೇಡಂ, ಕರಾರಿನ ಸಲುವಾಗಿ ಇಬ್ಬರಿಗೆ ಫೋನ್ ಹಚ್ಚೀನಿ. ಅವರೂ ಮಣ್ಣಿನ ರಿಪೋರ್ಟ್ ಕೇಳ್ಯಾರ. ಮಣ್ಣು ಹ್ಯಾಂಗ ತಗೀಬೇಕು?

ಉತ್ತರ:
ಮೇಲಿನ ಮಣ್ಣು ಕೆರೆದು ಕೊಟ್ಟರೆ ತೊಗರಿಗೆ ಸರಿ, ದ್ರಾಕ್ಷಿಗೆ ಸಾಲದು. ಹೊಲದಲ್ಲಿ ಮೂರು ಕಡೆ ಮೂರು ಅಡಿ ಗುಂಡಿ ತೋಡಿಸಿ. ಮೊದಲ ಅಡಿ, ಎರಡನೇ ಅಡಿ, ಮೂರನೇ ಅಡಿಯ ಮಣ್ಣು ಬೇರೆ ಬೇರೆ ಚೀಲಕ್ಕೆ ಹಾಕಿ ಚೀಟಿ ಹಚ್ಚಿ. ಬೋರನ್ನು ಅರ್ಧ ತಾಸು ಓಡಿಸಿ ಆಮೇಲೆ ಒಂದು ಲೀಟರ್ ನೀರು ಹಿಡಿಯಿರಿ, ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು. ಕಲಬುರಗಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕೊಡುವಾಗ ಪಿಎಚ್, ಇಸಿ (ಉಪ್ಪಿನಂಶದ ಅಳತೆ), ಕ್ಲೋರೈಡ್, ಸೋಡಿಯಂ ಜೊತೆಗೆ ‘ಬಿಡಿ ಸುಣ್ಣ’ ಅಂತ ಚೀಟಿಯಲ್ಲಿ ಬರೆಸುವುದು ಮರೆಯಬೇಡಿ, ಇಲ್ಲದಿದ್ದರೆ ಎನ್‌ಪಿಕೆ ಅಷ್ಟೇ ನೋಡಿ ಕೊಟ್ಟುಬಿಡುತ್ತಾರೆ. ಸುಣ್ಣ ಶೇ 10 ದಾಟಿದರೆ ಕಬ್ಬಿಣ ಬೇರಿಗೆ ಸಿಗದೆ ಎಲೆ ಹಳದಿಯಾಗುತ್ತದೆ, ಆಗ ಬೇರು ಬದಲಿಸಬೇಕು. ನೀರಿನ ಇಸಿ (ಡಿಎಸ್/ಮೀ ಲೆಕ್ಕದಲ್ಲಿ) 1ರೊಳಗೆ ಇದ್ದರೆ ಒಂದೆಕರೆಗೆ ಮುಂದುವರಿಯಿರಿ. 2 ದಾಟಿದರೆ ಕರಾರು ಸಿಕ್ಕರೂ ಹಚ್ಚಬೇಡಿ.