ಪೆಟ್ಟಿಗೆಯೊಳಗೆ ಹ್ಯಾಮ್ ಸ್ಟೇಷನ್ ಕಟ್ಟಿದೆ, ಆದರೆ ಪಿಟಿಟಿ ಒತ್ತಿದರೆ ರೇಡಿಯೋನೇ ಆಫ್!

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. 2018ರ ಆಗಸ್ಟ್ ಮಳೆಗೆ ಗುಡ್ಡ ಕುಸಿದಾಗ ಕರೆಂಟೂ ಇಲ್ಲ, ಮೊಬೈಲೂ ಇಲ್ಲ. ಮೈಸೂರಿನಲ್ಲಿದ್ದ ಮಗಳಿಗೆ ‘ನಾವು ಚೆನ್ನಾಗಿದ್ದೇವೆ’ ಅಂತ ತಿಳಿಸಲು ಮೂರು ದಿನ ಹಿಡಿಯಿತು. ಆಮೇಲೆ ಹಟಕ್ಕೆ ಬಿದ್ದು ಮೋರ್ಸ್ ಸಂಕೇತ ಕಲಿತು ಹ್ಯಾಮ್ ರೇಡಿಯೋದ (ಹವ್ಯಾಸಿಗಳು ತಾವೇ ನಡೆಸುವ ರೇಡಿಯೋ) ಜನರಲ್ ಗ್ರೇಡ್ ಲೈಸೆನ್ಸ್ ತೆಗೆದುಕೊಂಡೆ. ಐವತ್ತು ದಾಟಿದ ಮೇಲೆ ಪರೀಕ್ಷೆ ಬರೆಯುವ ಕಷ್ಟ ಬೇರೆ ಕಥೆ, ಬಿಡಿ.

ಈಗ ಒಂದು ಟೂಲ್ ಬಾಕ್ಸ್‌ನಲ್ಲಿ ಇಡೀ ಸ್ಟೇಷನ್ ಕೂರಿಸಿದ್ದೇನೆ. ಮುಚ್ಚಳ ತೆಗೆದು, ಮರಕ್ಕೆ ತಂತಿ ಎಸೆದು, ಹತ್ತು ನಿಮಿಷದಲ್ಲಿ ಮಾತಾಡಬೇಕು ಅನ್ನೋದು ಆಸೆ. ಒಳಗೆ ಎಫ್‌ಟಿ-891 ರೇಡಿಯೋ, 20 ಎಎಚ್ (ಆಂಪಿಯರ್-ಗಂಟೆ) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಸೋಲಾರ್ ಕಂಟ್ರೋಲರ್, ಆಂಟೆನಾ ಸರಿಹೊಂದಿದೆಯಾ ಅಂತ ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರ್, ಸ್ಪೀಕರ್, ಒಂದು ಎಲ್‌ಇಡಿ ದೀಪ. ತೂಕ 11 ಕೆಜಿ. ನಮ್ಮನೆಯವರು ಇದನ್ನು ತಿಜೋರಿ ಅಂತಾರೆ. ಆಂಟೆನಾ 20 ಮೀಟರ್ ಎಂಡ್ ಫೆಡ್ ತಂತಿ (ಒಂದು ತುದಿಯಿಂದಲೇ ಸಿಗ್ನಲ್ ಕೊಡುವಂಥದ್ದು), ಅದನ್ನು ರೇಡಿಯೋಗೆ ಹೊಂದಿಸಲು 49:1 ಟ್ರಾನ್ಸ್‌ಫಾರ್ಮರ್. ಸಿಲ್ವರ್ ಓಕ್ ತುದಿಗೆ ಎಳೆದು ಕಟ್ಟಿದ್ದೇನೆ.

ತೊಂದರೆ ಮೂರು. 100 ವ್ಯಾಟ್‌ನಲ್ಲಿ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ ‘ಸಿಕ್ಯೂ’ (ಯಾರಾದರೂ ಇದ್ದೀರಾ ಅನ್ನೋ ಕರೆ) ಅಂದರೆ ಸಾಕು, ರೇಡಿಯೋ ಆಫ್. 10 ವ್ಯಾಟ್‌ನಲ್ಲಿ ಏನೂ ತೊಂದರೆ ಇಲ್ಲ. ಬ್ಯಾಟರಿ ಮೀಟರ್ 13.2 ವೋಲ್ಟ್ ತೋರಿಸುತ್ತದೆ. ಎರಡನೆಯದು, ಬಿಸಿಲು ಬಂದ ಕೂಡಲೇ 40 ಮೀಟರ್ ಬ್ಯಾಂಡ್‌ನಲ್ಲಿ (ಸುಮಾರು 40 ಮೀಟರ್ ಉದ್ದದ ಅಲೆಗಳು) ಸಿಗ್ನಲ್ ಮೀಟರ್ ಎಸ್ 7 ತೋರಿಸುವಷ್ಟು ಜೋರು ಗದ್ದಲ. ಮೂರನೆಯದೇ ನನಗೆ ಅರ್ಥವಾಗದ್ದು. ದೆಹಲಿಯವರು ಕಿವಿಯ ಪಕ್ಕ ನಿಂತು ಮಾತಾಡಿದ ಹಾಗೆ ಕೇಳುತ್ತಾರೆ, ಹಾಸನದ ಸ್ನೇಹಿತರು ಮಾತ್ರ ಪತ್ತೆಯೇ ಇಲ್ಲ.

ಬೆಸುಗೆಮೇಷ್ಟ್ರು:
ಮೇಡಂ, 13.2 ಎಲ್ಲಿ ಅಳೆದಿರಿ? ಸುಮ್ನೆ ಕೂತ ಬ್ಯಾಟರಿಯ ತುದಿಯಲ್ಲಿ ಅಳೆದರೆ ಏನೂ ಗೊತ್ತಾಗಲ್ಲ. ರೇಡಿಯೋ ಹಿಂದಿನ ಪ್ಲಗ್‌ನಲ್ಲಿ, ಮಾತಾಡುತ್ತಿರುವಾಗಲೇ ಅಳೆಯಿರಿ. ಆ ರೇಡಿಯೋ ಪೂರ್ತಿ ಪವರ್‌ನಲ್ಲಿ 20 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಅದಕ್ಕೆ ಬೇಕಾದ್ದು 13.8 ವೋಲ್ಟ್, ಅದಕ್ಕಿಂತ ಶೇ. 15 ಹೆಚ್ಚೋ ಕಡಿಮೆಯೋ ಆದರೆ ನಡೆಯುತ್ತದೆ. ಅಂದರೆ 11.7ಕ್ಕಿಂತ ಕೆಳಗೆ ಇಳಿಯಬಾರದು.

ಇನ್ನೊಂದು ಪ್ರಶ್ನೆ. ರೇಡಿಯೋ ಆಫ್ ಆದಾಗ ಎಲ್‌ಇಡಿ ದೀಪವೂ ಆರುತ್ತದಾ? ಎರಡೂ ಆರಿದರೆ ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಕೈ ಕೊಡುತ್ತಿದೆ. ದೀಪ ಉರಿಯುತ್ತಾ ಇದ್ದರೆ ತಪ್ಪು ನಿಮ್ಮ ವೈರ್‌ದು.

ತೋಟದಮನೆ:
ದೀಪ ಉರಿಯುತ್ತಲೇ ಇರುತ್ತದೆ ಸಾರ್! ಪ್ಲಗ್‌ನಲ್ಲಿ ಅಳೆದರೆ 11.4. ವೈರ್ ಮನೆ ವೈರಿಂಗ್‌ನಲ್ಲಿ ಉಳಿದ 1.5 ಚದರ ಮಿಲಿಮೀಟರ್‌ದು. ಒಂದೂಮುಕ್ಕಾಲು ಮೀಟರ್ ಇದೆ, ಪೆಟ್ಟಿಗೆಯೊಳಗೆ ಸುರುಳಿ ಸುತ್ತಿಟ್ಟಿದ್ದೆ.

ಬೆಸುಗೆಮೇಷ್ಟ್ರು:
ಸಿಕ್ಕಿತು ಕಳ್ಳ. ಹೋಗಿ ಬರಲು ಮೂರೂವರೆ ಮೀಟರ್ ಆಯಿತು. ಆ ವೈರ್‌ಗೆ ಕಿಲೋಮೀಟರ್‌ಗೆ ಸುಮಾರು 12 ಓಮ್. 20 ಆಂಪಿಯರ್ ಹರಿದರೆ ವೈರ್‌ನಲ್ಲೇ 0.85 ವೋಲ್ಟ್ ಹೋಗುತ್ತದೆ. ಉಳಿದದ್ದು ಫ್ಯೂಸ್ ಹೋಲ್ಡರ್ ನುಂಗುತ್ತಿರಬೇಕು, ಮುಟ್ಟಿ ನೋಡಿ, ಬಿಸಿ ಇರುತ್ತದೆ. 4 ಚದರ ಮಿಲಿಮೀಟರ್ ವೈರ್ ಹಾಕಿ, ಅರ್ಧ ಮೀಟರ್ ಮೀರಬೇಡಿ. ಗಾಜಿನ ಫ್ಯೂಸ್ ಬಿಟ್ಟು ಕಾರಿನ ಬ್ಲೇಡ್ ಫ್ಯೂಸ್ ಹಾಕಿ. ಬ್ಯಾಟರಿ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿದೆ ಅನ್ನೋದನ್ನೂ ನೋಡಿಕೊಳ್ಳಿ.

ಕಡಿಮೆ_ವ್ಯಾಟ್:
ಇಷ್ಟೆಲ್ಲ ಯಾಕೆ? 5 ವ್ಯಾಟ್ ರೇಡಿಯೋ ತಗೊಳ್ಳಿ, ಬ್ಯಾಗ್‌ನಲ್ಲಿ ಹಾಕಿಕೊಂಡು ಹೋಗಿ.

ತೋಟದಮನೆ:
ಗುಡ್ಡ ಹತ್ತಿ ಖುಷಿಗೆ ಮಾತಾಡುವುದಾದರೆ ಸರಿ ಅಣ್ಣ. ಗುಡುಗಿನ ಗದ್ದಲದ ನಡುವೆ ಧ್ವನಿ ಮುಟ್ಟಿಸಬೇಕಾದಾಗ 5 ವ್ಯಾಟ್ ನಂಬಲು ನನಗೆ ಧೈರ್ಯವಿಲ್ಲ.

ಹಾಸನಾಂಬೆ_ಊರಿನವ:
ಅಕ್ಕ, ದೆಹಲಿ ಕೇಳುತ್ತೆ ಹಾಸನ ಕೇಳಲ್ಲ ಅಂದರೆ ತಪ್ಪು ಮರದ ಎತ್ತರದ್ದು. ತಂತಿ ನೆಟ್ಟಗೆ ಮೇಲಕ್ಕೆ ಹೋದರೆ ಅಲೆಗಳು ನೆಲಕ್ಕೆ ಹತ್ತಿರದ ಕೋನದಲ್ಲಿ ಹೊರಟು ನಮ್ಮ ತಲೆ ದಾಟಿ ದೂರ ಬೀಳುತ್ತವೆ. ತೋಟದ ಸ್ಪ್ರಿಂಕ್ಲರ್ ಜೆಟ್ ನೆನಪಿಸಿಕೊಳ್ಳಿ. ಓರೆಯಾಗಿ ಹಾರಿಸಿದರೆ ನೀರು ದೂರ, ಆಕಾಶಕ್ಕೆ ತಿರುಗಿಸಿದರೆ ಬುಡಕ್ಕೇ. ನಮಗೆ ಬೇಕಾದ್ದು ಬುಡಕ್ಕೆ ಬೀಳುವುದು. ಹತ್ತತ್ತು ಮೀಟರ್‌ನ ಎರಡು ಕಾಲಿನ ಡೈಪೋಲ್ ಆಂಟೆನಾ ಮಾಡಿ, ನಡುಭಾಗ ಐದಾರು ಮೀಟರ್ ಎತ್ತರಕ್ಕೆ ಕಟ್ಟಿ, ತುದಿಗಳನ್ನು ಕಾಫಿ ಗಿಡದ ಮೇಲೆ ಇಳಿಬಿಡಿ. ಹಗಲು 40 ಮೀಟರ್ ಬ್ಯಾಂಡ್‌ನಲ್ಲಿ ಮೈಸೂರು, ಹಾಸನ, ಬೆಂಗಳೂರು ಎಲ್ಲ ಸಿಗಬೇಕು. ರಾತ್ರಿ ಹತ್ತಿರದವರು ಮಾಯವಾಗುತ್ತಾರೆ. ಆಗ 80 ಮೀಟರ್‌ಗೆ ಹೋಗಬೇಕು, ತಂತಿಯೂ ಎರಡು ಪಟ್ಟು.

ಬಿಸಿಲಿನ ಗದ್ದಲ ಸೋಲಾರ್ ಕಂಟ್ರೋಲರ್‌ದು. ಮೂರು ಇಂಚು ದೂರದಲ್ಲಿ ರಿಸೀವರ್ ಇಟ್ಟಿದ್ದೀರಲ್ವಾ? ಪ್ಯಾನೆಲ್ ವೈರ್‌ಗೆ ಒಂದು ಸ್ವಿಚ್ ಹಾಕಿ, ಕೇಳುವಾಗ ಆಫ್ ಮಾಡಿ. ಗದ್ದಲ ತಡೆಯಲು ವೈರ್‌ಗೆ ಹಾಕುವ ಫೆರೈಟ್ ಉಂಗುರ ಆಮೇಲೆ ನೋಡೋಣ.

ತೋಟದಮನೆ:
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಫ್ಯೂಸ್ ಹೋಲ್ಡರ್ ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ ಕರಗಿತ್ತು. ನೋಡಿ ಕೈ ನಡುಗಿತು. ಪೆಟ್ಟಿಗೆ ಕೂತಿದ್ದು ಗೋಣಿಚೀಲದ ಮೇಲೆ! ವೈರ್ ಬದಲಾಯಿಸಿದ ಮೇಲೆ ಪ್ಲಗ್‌ನಲ್ಲಿ 12.5 ನಿಲ್ಲುತ್ತದೆ. ಬ್ಯಾಟರಿ ಮೇಲೆ 20 ಆಂಪಿಯರ್ ಅಂತಲೇ ಇದೆ, ಹಾಗಾಗಿ 50 ವ್ಯಾಟ್‌ಗೆ ಇಳಿಸಿಕೊಂಡೆ. ಕಳೆದುಕೊಂಡದ್ದು ಬರೀ 3 ಡೆಸಿಬಲ್, ಆ ಕಡೆಯವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಡೈಪೋಲ್ ಕಟ್ಟಿದ ಮೊದಲ ಬೆಳಿಗ್ಗೆಯೇ ಹಾಸನ 5-9, ಅಂದರೆ ಸ್ಪಷ್ಟ, ಜೋರು. ಸ್ನೇಹಿತರ ಮನೆಯ ಕುಕ್ಕರ್ ಕೂಗಿದ್ದೂ ಕೇಳಿಸಿತು.

ಕಂಟ್ರೋಲರ್ ಮತ್ತು ಬ್ಯಾಟರಿಯನ್ನು ಬೇರೆ ಡಬ್ಬಕ್ಕೆ ಹಾಕಿ, ಚಾರ್ಜ್ ಮಾಡಲು ಜಗುಲಿಯ ಇನ್ನೊಂದು ತುದಿಯಲ್ಲಿ ಇಡುತ್ತಿದ್ದೇನೆ. ಮಾತಾಡುವಾಗ ಬ್ಯಾಟರಿ ಮಾತ್ರ ಪೆಟ್ಟಿಗೆ ಪಕ್ಕಕ್ಕೆ ಬರುತ್ತದೆ. ಹಾಗಾಗಿ ಒಂದೇ ಪೆಟ್ಟಿಗೆ ಅನ್ನೋ ನನ್ನ ಆಸೆ ಹೋಯಿತು, ಎರಡಾದವು. ಬ್ಯಾಟರಿಯದು ನಮ್ಮನೆಯವರು ಹೊರುತ್ತಾರೆ. 73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ).